ಹುತಾತ್ಮರಾಗದವರ ವಿಶ್ವಾಸ

1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕವೊಂದು ಮೈಸೂರು ಸೀಮೆಯ ಕ್ರೈಸ್ತರ ಮೇಲೆ ಕಟುವಾದ ಆರೋಪ ಹೊರಿಸಿತು. ಬರೆದವರು ಪರಕೀಯರೇನಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಜನರ ನಡುವೆ ಪಂಚೆ ಉಟ್ಟು, ಪೇಟ ಸುತ್ತಿ, ಅವರ ಊಟವನ್ನೇ ಉಂಡು ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ತಮ್ಮ ಪತ್ರಗಳಲ್ಲಿ ಅವರು 1784ರ ಸಂಗತಿ ಎತ್ತುತ್ತಾರೆ. ಟಿಪ್ಪು ಸುಲ್ತಾನ್ ಅರವತ್ತು ಸಾವಿರಕ್ಕೂ ಹೆಚ್ಚು ಕ್ರೈಸ್ತರನ್ನು ಹಿಡಿಸಿ ತಂದು ಮತಾಂತರ ಮಾಡಿಸಿದ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದು ನಿಂತು ತನ್ನ ವಿಶ್ವಾಸವನ್ನು ಸಾರಿ ಪ್ರಾಣ ಕೊಡಲಿಲ್ಲ, ಎಂಥ ನಾಚಿಕೆಗೇಡು ಎಂಬುದು ಅವರ ಮಾತಿನ ಸಾರ.

ದುಬ್ವಾ ಭಾರತಕ್ಕೆ ಬಂದದ್ದು 1792ರಲ್ಲಿ. ಆ ಸೆರೆಯನ್ನು ಅವರು ಕಣ್ಣಾರೆ ಕಂಡವರಲ್ಲ. ಇನ್ನೊಂದನ್ನೂ ಇಲ್ಲೇ ಹೇಳಿಬಿಡಬೇಕು: ಫ್ರಾನ್ಸಿನ ಕ್ರಾಂತಿ ಪಾದ್ರಿಗಳ ಕೊರಳಿಗೆ ಬಂದಿದ್ದ ವರ್ಷವೇ ಅವರು ದೇಶ ಬಿಟ್ಟು ಹಡಗು ಹತ್ತಿದ್ದು. ದೂರ ನಿಂತು ಇನ್ನೊಬ್ಬರ ಹೌತಾತ್ಮ್ಯಕ್ಕೆ ಕಾಯುವುದು ಸುಲಭ. ಆದರೆ ಅವರ ಆರೋಪವನ್ನು ಹಾಗೆಯೇ ತಳ್ಳಿಹಾಕುವಂತೆಯೂ ಇಲ್ಲ. ಅಂಜಿಕೆ ಎದುರು ನಿಂತಾಗ ವಿಶ್ವಾಸವನ್ನು ಆರಿಸಿಕೊಳ್ಳುವುದು ಅಂದರೆ ಏನು, ಆ ಆಯ್ಕೆ ಯಾವ ಗಳಿಗೆಯಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಕನ್ನಡ ನಾಡಿನ ಮಟ್ಟಿಗೆ ಇಷ್ಟು ನಿಷ್ಠುರವಾಗಿ ಕೇಳಿದವರು ಅವರೇ. ಉತ್ತರ ಹುಡುಕಲು ಮಾತ್ರ ಅವರು ತಪ್ಪು ವರ್ಷದಲ್ಲಿ ಕೈ ಹಾಕಿದರು ಎಂಬುದು ನನ್ನ ಎಣಿಕೆ.

ಕರಾವಳಿಯ ಕೊಂಕಣಿ ಕ್ರೈಸ್ತರು ಮೂಲತಃ ಗೋವೆಯಿಂದ ಗುಳೆ ಬಂದವರು. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಅಲೆ ಅಲೆಯಾಗಿ ದಕ್ಷಿಣಕ್ಕೆ ಇಳಿದರು. ಬರ, ಮರಾಠರ ದಾಳಿ, ಪೋರ್ಚುಗೀಸರ ತೆರಿಗೆ ಹೀಗೆ ಕಾರಣಗಳು ಹಲವು. ಅವುಗಳಲ್ಲಿ 1560ರಲ್ಲಿ ಗೋವೆಯಲ್ಲಿ ಆರಂಭವಾದ ಧರ್ಮವಿಚಾರಣಾ ಮಂಡಳಿಯ ಕಾಟವೂ ಒಂದು. ಮನೆಯಲ್ಲಿ ತುಳಸಿ ಇತ್ತೆಂದೋ, ಮದುವೆಯಲ್ಲಿ ಹಳೆಯ ಪದ್ಧತಿಯ ಹಾಡು ಹೇಳಿದರೆಂದೋ ಕ್ರೈಸ್ತರನ್ನೇ ಹಿಡಿದು ವಿಚಾರಿಸುತ್ತಿದ್ದ ನ್ಯಾಯಾಲಯ ಅದು. ಅಂದರೆ ಈ ಜನ ಒಮ್ಮೆ ತಮ್ಮದೇ ಧರ್ಮದ ಅಧಿಕಾರಕ್ಕೆ ಅಂಜಿ ಊರು ಬಿಟ್ಟವರು. ಕರಾವಳಿಯನ್ನು ಆಳುತ್ತಿದ್ದ ಕೆಳದಿಯ ನಾಯಕರಿಗೆ ಒಳ್ಳೆಯ ಬೇಸಾಯಗಾರರು ಬೇಕಿತ್ತು, ಇವರಿಗೆ ನೆಲ ಬೇಕಿತ್ತು. ಗದ್ದೆ, ತೋಟ, ಮೂಲಗೇಣಿ, ಇಗರ್ಜಿ (ಚರ್ಚು) ಎಲ್ಲವೂ ಆದವು. ಊರೂರಿಗೂ ಸಮುದಾಯದ ಮುಖಂಡರಾದ ಗುರ್ಕಾರರಿದ್ದರು. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿ ಮಿಲಾಗ್ರಿಸ್ ಇಗರ್ಜಿ ಕಟ್ಟಿಸಿದರು.

1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಕರಾವಳಿಯ ಕೆನರಾ ಸೀಮೆ ಮೈಸೂರಿನದಾಯಿತು. ಹೈದರನ ಕಾಲ ಇವರಿಗೆ ಕೆಟ್ಟದ್ದಾಗಿರಲಿಲ್ಲ. 1768ರಲ್ಲಿ ಇಂಗ್ಲಿಷರು ಮಂಗಳೂರನ್ನು ಕೆಲಕಾಲ ಹಿಡಿದಿದ್ದಾಗ ಕ್ರೈಸ್ತರು ಅವರಿಗೆ ನೆರವಾದರೆಂಬ ದೂರು ಎದ್ದಿತ್ತು. ಹೈದರ್ ಕೆಲವರನ್ನು ಸೆರೆಯಲ್ಲಿಟ್ಟರೂ ಇಡೀ ಸಮುದಾಯದ ಮೇಲೆ ಮುಗಿಬೀಳಲಿಲ್ಲ. ಫರಂಗಿಪೇಟೆಯ ಮೊಂತೆ ಮರಿಯಾನೊ ಮಠದ ಫಾದರ್ ಜೋಕಿಂ ಮಿರಾಂದರ ಜೊತೆ ಅವನಿಗೆ ಸ್ನೇಹವಿತ್ತು ಎನ್ನುತ್ತಾರೆ. ಆದರೆ ದೂರು ಮಾತ್ರ ಉಳಿಯಿತು, ಅರಮನೆಯ ನೆನಪಿನಲ್ಲಿ ಬಡ್ಡಿ ಬೆಳೆಸುತ್ತ ಕೂತಿತು.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಅದೇ ಹೊತ್ತಿಗೆ ಮುಂಬಯಿಯ ಇಂಗ್ಲಿಷ್ ಸೈನ್ಯ ಜನರಲ್ ರಿಚರ್ಡ್ ಮ್ಯಾಥ್ಯೂಸನ ಮುಂದಾಳ್ತನದಲ್ಲಿ ಕರಾವಳಿಯಲ್ಲಿ ಇಳಿದು ಘಟ್ಟ ಹತ್ತಿತು. 1783ರ ಜನವರಿಯಲ್ಲಿ ಬಿದನೂರು, ಮಾರ್ಚಿನಲ್ಲಿ ಮಂಗಳೂರು ಅವರ ಕೈಸೇರಿತು. ಹೈದರನ ಮಗ ಟಿಪ್ಪು ಧಾವಿಸಿ ಬಂದು ಏಪ್ರಿಲ್ ಕೊನೆಗೆ ಬಿದನೂರನ್ನು ಮರಳಿ ಪಡೆದು ಮ್ಯಾಥ್ಯೂಸನನ್ನು ಸೆರೆ ಹಿಡಿದ. ಆಮೇಲೆ ಮಂಗಳೂರಿನ ಕೋಟೆಗೆ ಮುತ್ತಿಗೆ. ಒಳಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಹೊರಗೆ ಸುಲ್ತಾನ. ಮಳೆಗಾಲ ಪೂರ್ತಿ ಕಳೆದು, ಕಾಳು ಮುಗಿದು, ರೋಗ ಬಡಿದು, 1784ರ ಜನವರಿ 30ರಂದು ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಇಂಗ್ಲಿಷರ ಪ್ರತಿನಿಧಿಗಳು ಸುಲ್ತಾನನ ಪಾಳೆಯಕ್ಕೇ ಬಂದು ಮಾಡಿಕೊಂಡ ಒಪ್ಪಂದ ಎಂದು ಇತಿಹಾಸದ ಪಠ್ಯಗಳು ಅದನ್ನು ಹೆಮ್ಮೆಯಿಂದ ನೆನೆಯುತ್ತವೆ. ಅದರ ಹಿಂದಿನ ಎರಡು ವಾರಗಳಲ್ಲಿ ಅದೇ ಸೀಮೆಯಲ್ಲಿ ಏನು ನಡೆಯಿತು ಎಂಬುದಕ್ಕೆ ಅವುಗಳಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ.

ನಡೆದದ್ದನ್ನು ತಿಳಿಯಲು ಸುಲ್ತಾನನ ವೈರಿಗಳ ಬಳಿಗೇ ಹೋಗಬೇಕಿಲ್ಲ. ಟಿಪ್ಪುವಿನ ಆಸ್ಥಾನದ ಪರ್ಶಿಯನ್ ಬಖೈರು (ಚರಿತ್ರೆ) ‘ಸುಲ್ತಾನ್-ಉತ್-ತವಾರಿಖ್’ ಈ ಕಾರ್ಯಾಚರಣೆಯನ್ನು ಸಾಧನೆಯೆಂದೇ ಬಣ್ಣಿಸುತ್ತದೆ. ಸಂಬಂಧಪಟ್ಟ ಭಾಗವನ್ನು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅದರ ಪ್ರಕಾರ ಮೊದಲು ನಡೆದದ್ದು ಗುಟ್ಟಾದ ಎಣಿಕೆ. ಕ್ರೈಸ್ತರ ಮನೆಗಳೆಷ್ಟು, ಎಲ್ಲೆಲ್ಲಿವೆ ಎಂದು ದಿವಾನರ ಮೂಲಕ ಪಟ್ಟಿ ಮಾಡಿಸಲಾಯಿತು. ಬಳಿಕ ಊರೂರಿಗೆ ತುಕಡಿಗಳು ಹೋದವು. ಮುಖಂಡರ ಕೈಯಲ್ಲಿ ಮೊಹರು ಹಾಕಿದ ಲಕೋಟೆ, ಇಂಥ ದಿನ ಬೆಳಗಿನ ನಮಾಜಿನ ಹೊತ್ತಿಗೆ ಒಡೆದು ಓದಬೇಕೆಂಬ ಆಜ್ಞೆ. ಎಲ್ಲ ಕಡೆ ಒಂದೇ ಗಳಿಗೆಯಲ್ಲಿ ಲಕೋಟೆ ಒಡೆಯಿತು, ಒಂದೇ ಗಳಿಗೆಯಲ್ಲಿ ಮನೆಗಳು ಸುತ್ತುವರಿಯಲ್ಪಟ್ಟವು. ಸಿಟ್ಟಿನ ಭರದಲ್ಲಿ ಮಾಡಿದ ಕೆಲಸವಲ್ಲ ಅದು, ಕಚೇರಿಯ ಕೆಲಸ. ಪಕ್ಕದ ಊರಿನವರು ಓಡಿಬಂದು ಎಚ್ಚರಿಸಲಾರರು, ಏಕೆಂದರೆ ಪಕ್ಕದ ಊರಿನಲ್ಲೂ ಅದೇ ಹೊತ್ತಿಗೆ ಅದೇ ಆಗುತ್ತಿತ್ತು.

ಕೊಂಕಣಿ ಕ್ರೈಸ್ತರ ನೆನಪಿನಲ್ಲಿ ಆ ದಿನ 1784ರ ಫೆಬ್ರವರಿ 24, ತಪಸ್ಸು ಕಾಲ ಆರಂಭವಾಗುವ ಬೂದಿ ಬುಧವಾರ. ಪಂಚಾಂಗ ಲೆಕ್ಕ ಹಾಕಿದರೆ ಆ ವರ್ಷ ಈಸ್ಟರ್ ಏಪ್ರಿಲ್ 11ರಂದು ಬಂದಿತ್ತು, ಬೂದಿ ಬುಧವಾರ ಬಿದ್ದದ್ದು 25ಕ್ಕೆ. ಒಂದು ದಿನದ ಈ ವ್ಯತ್ಯಾಸವನ್ನು ತಿದ್ದಲು ಸಮುದಾಯದಲ್ಲಿ ಯಾರೂ ಮುಂದಾದಂತಿಲ್ಲ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನವೇ ಸೆರೆಯಾದೆವು ಎಂಬ ನೆನಪಿಗೆ ತಾರೀಖಿಗಿಂತ ಹೆಚ್ಚಿನ ತೂಕವಿದೆ.

ಇಗರ್ಜಿಗಳು ನೆಲಸಮವಾದವು. ಮಿಲಾಗ್ರಿಸ್ ಹೋಯಿತು, ರೊಸಾರಿಯೊ ಹೋಯಿತು. ಒಟ್ಟು 27 ಇಗರ್ಜಿಗಳು ಎಂಬುದು ಸಾಮಾನ್ಯ ಲೆಕ್ಕ. ಮೂಡುಬಿದಿರೆ ಸಮೀಪದ ಹೋಲಿ ಕ್ರಾಸ್ ಇಗರ್ಜಿಯನ್ನು ಜೈನ ಅರಸ ಚೌಟರು ಕೇಳಿಕೊಂಡು ಉಳಿಸಿದರೆಂದು ಪ್ರತೀತಿ. ಮೊಂತೆ ಮರಿಯಾನೊ ಕೂಡ ಉಳಿಯಿತು, ಹೈದರನ ಹಳೆಯ ಸ್ನೇಹದ ಋಣ ಎನ್ನುತ್ತಾರೆ. ಪಾದ್ರಿಗಳನ್ನು ದಂಡ ಹಾಕಿ ಗೋವೆಗೆ ಗಡೀಪಾರು ಮಾಡಲಾಯಿತು. ಜನರನ್ನು ಹೆಂಗಸರು ಮಕ್ಕಳೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು, ಎದುರಿಗೆ ಬೇಸಿಗೆ. ಎಷ್ಟು ಜನ ದಾರಿಯಲ್ಲೇ ಬಿದ್ದರೆಂದು ಬರೆದಿಟ್ಟವರಿಲ್ಲ. ಬಿದ್ದವರು ಬಹಳ ಎಂಬುದರಲ್ಲಿ ಮಾತ್ರ ಎಲ್ಲ ಮೂಲಗಳೂ ಒಂದೇ ಮಾತು ಹೇಳುತ್ತವೆ.

ಎಷ್ಟು ಜನ ಸೆರೆಯಾದರು ಎಂಬುದೇ ದೊಡ್ಡ ತಕರಾರು. ಸುಲ್ತಾನನ ಬಖೈರು 60 ಸಾವಿರ ಎನ್ನುತ್ತದೆ. ಹಡಗಿನಿಂದ ಸೆರೆಸಿಕ್ಕಿ ಹತ್ತು ವರ್ಷ ಮೈಸೂರಿನಲ್ಲಿ ಕಳೆದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ 30 ಸಾವಿರ ಎಂದ. ಸಮುದಾಯದ ಐತಿಹ್ಯ 80 ಸಾವಿರದವರೆಗೂ ಏರುತ್ತದೆ. ಆಸ್ಥಾನದ ಬರಹಗಾರ ಒಡೆಯನ ಪ್ರತಾಪ ಹೆಚ್ಚಿಸಲು ಸಂಖ್ಯೆ ಉಬ್ಬಿಸಿರಬಹುದು, ನೊಂದವರು ನೋವಿನ ಭಾರದಲ್ಲಿ ಉಬ್ಬಿಸಿರಬಹುದು. ಕೆಳಗಿನ ಅಂಕಿಯನ್ನೇ ಹಿಡಿದರೂ ಅಂದಿನ ಕೆನರಾದ ಒಂದು ಸಮುದಾಯ ಹೆಚ್ಚುಕಡಿಮೆ ಪೂರ್ತಿಯಾಗಿ ಕಿತ್ತುಹೋಗಿತ್ತು ಎಂಬುದು ಬದಲಾಗುವುದಿಲ್ಲ.

ಕಾರಣದ ಬಗ್ಗೆಯೂ ಎರಡು ಮಾತಿವೆ. ಮೊಹಿಬ್ಬುಲ್ ಹಸನ್‌ರಂಥ ಇತಿಹಾಸಕಾರರು ಇದನ್ನು ರಾಜಕೀಯ ಶಿಕ್ಷೆ ಎಂದು ನೋಡುತ್ತಾರೆ. ಕ್ರೈಸ್ತರು ಮ್ಯಾಥ್ಯೂಸನಿಗೆ ದಾರಿ ತೋರಿದರು, ಸಾಲ ಕೊಟ್ಟರು, ಮುತ್ತಿಗೆಯ ಕಾಲದಲ್ಲಿ ಕೋಟೆಯೊಳಗಿನವರಿಗೆ ನೆರವಾದರು ಎಂಬ ಆರೋಪ ಇದರ ಆಧಾರ. ಟಿಪ್ಪು ಶೃಂಗೇರಿ ಮಠಕ್ಕೆ ನೆರವು ಕಳಿಸಿದ್ದು, ಆರ್ಮೇನಿಯನ್ ಕ್ರೈಸ್ತ ವರ್ತಕರನ್ನು ಕರೆದದ್ದು, ಫ್ರೆಂಚ್ ಸಿಪಾಯಿಗಳನ್ನು ಇಟ್ಟುಕೊಂಡದ್ದು ಈ ವಾದಕ್ಕೆ ಬಲ ಕೊಡುತ್ತವೆ. ಬಖೈರಿನ ಮಾತು ಬೇರೆ. ಅದು ಹಳೆಯ ಕಾಲದ ಪೋರ್ಚುಗೀಸರ ಅಸಹನೆಯನ್ನು, ಅವರು ತಮ್ಮ ನೆಲದಲ್ಲಿ ಮುಸಲ್ಮಾನರ ರೋಜಾ ನಮಾಜುಗಳಿಗೆ ಅಡ್ಡಿ ಮಾಡಿದ್ದನ್ನು ನೆನಪಿಸಿ, ಅದಕ್ಕೆ ಪ್ರತೀಕಾರವಾಗಿ ಧರ್ಮಾಭಿಮಾನದಿಂದ ಹೀಗೆ ಮಾಡಲಾಯಿತು ಎನ್ನುತ್ತದೆ. ನನಗೆ ಕಾಣುವಂತೆ ಎರಡೂ ಕೂಡಿಯೇ ಇದ್ದವು: ಸಂಶಯ ಯುದ್ಧದಿಂದ ಬಂತು, ಶಿಕ್ಷೆಯ ರೂಪ ಧರ್ಮದಿಂದ ಬಂತು. ದ್ರೋಹಕ್ಕೆ ಶಿಕ್ಷೆಯಷ್ಟೇ ಆಗಿದ್ದರೆ ದ್ರೋಹಿಗಳನ್ನು ಹುಡುಕಿದ್ದರೆ ಸಾಕಿತ್ತು, ತೊಟ್ಟಿಲಿನ ಕೂಸಿಗೆ ಹೆಸರು ಬದಲಿಸಬೇಕಿರಲಿಲ್ಲ. ಇನ್ನು ಗೋವೆಯ ಧರ್ಮವಿಚಾರಣೆಯ ಸೇಡು ತೀರಿದ್ದು ಯಾರ ಮೇಲೆ? ಅದೇ ವಿಚಾರಣೆಗೆ ಹೆದರಿ ಗೋವೆ ಬಿಟ್ಟವರ ಮರಿಮಕ್ಕಳ ಮೇಲೆ.

ಶ್ರೀರಂಗಪಟ್ಟಣದಲ್ಲಿ ಏನಾಯಿತು? ಗಂಡಸರಿಗೆ ಸುನ್ನತಿ, ಎಲ್ಲರಿಗೂ ಹೊಸ ಹೆಸರು. ಹರೆಯದವರನ್ನು ಅಹ್ಮದಿ ಎಂಬ ಹೆಸರಿನ ಪಡೆಗಳಿಗೆ ಸೇರಿಸಿ ಕವಾಯತು ಕಲಿಸಿದರು. ಹೆಣ್ಣುಮಕ್ಕಳನ್ನು ಮನೆತನಗಳಿಂದ ಬೇರ್ಪಡಿಸಿ ಹಂಚಿದರು. ತಕರಾರು ತೆಗೆದವರ ಕಿವಿ ಮೂಗು ಕೊಯ್ದು ಕತ್ತೆಯ ಮೇಲೆ ಮೆರೆಸಿದ್ದನ್ನು ಸ್ಕರಿ ಬರೆಯುತ್ತಾನೆ. ಅವನ ಪುಸ್ತಕ 1824ರದು, ಟಿಪ್ಪುವನ್ನು ರಾಕ್ಷಸನಾಗಿ ತೋರಿಸಿದ ಬರಹಗಳಿಗೆ ಇಂಗ್ಲೆಂಡಿನಲ್ಲಿ ಒಳ್ಳೆಯ ಮಾರುಕಟ್ಟೆಯಿದ್ದ ಕಾಲ. ಅಷ್ಟು ಎಚ್ಚರ ಇಟ್ಟುಕೊಂಡೇ ಓದಬೇಕು. ಆದರೂ ಒಂದನ್ನು ಗಮನಿಸದೆ ಇರಲಾಗದು. ಕಿವಿ ಮೂಗು ಕೊಯ್ಯುವ ಶಿಕ್ಷೆ ಬೇಕಾಯಿತೆಂದರೆ ತಕರಾರು ತೆಗೆದವರಿದ್ದರು ಎಂದಾಯಿತಲ್ಲ? ಒಬ್ಬನೂ ಎದ್ದು ನಿಲ್ಲಲಿಲ್ಲ ಎಂಬ ದುಬ್ವಾರ ಮಾತಿನಲ್ಲಿ ಮೊದಲ ಬಿರುಕು ಇಲ್ಲೇ ಕಾಣುತ್ತದೆ.

ಎರಡನೆಯ ಬಿರುಕು ಇನ್ನೂ ಆಳದ್ದು. ಕಥೋಲಿಕ ಧರ್ಮ ಪಾದ್ರಿಯಿಲ್ಲದೆ ನಡೆಯುವುದು ಕಷ್ಟ. ಪೂಜೆಗೆ ಪಾದ್ರಿ ಬೇಕು, ಪಾಪನಿವೇದನೆಗೆ ಬೇಕು, ಸಾಯುವಾಗ ಎಣ್ಣೆ ಹಚ್ಚಲು ಬೇಕು. ಸೆರೆಯವರಿಗೆ ಹದಿನೈದು ವರ್ಷ ಇವು ಒಂದೂ ದಕ್ಕಲಿಲ್ಲ. ಪಾದ್ರಿ ಇಲ್ಲದೆಯೂ ಉಳಿಯುವಂಥವು ಎರಡೇ: ಬಾಯಿಪಾಠದ ಪ್ರಾರ್ಥನೆ, ಆಪತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದಾದ ಜ್ಞಾನಸ್ನಾನ. ಹಗಲು ಕೊಟ್ಟ ಹೆಸರಿಗೆ ಓಗೊಟ್ಟು, ರಾತ್ರಿ ಬಾಗಿಲು ಹಾಕಿಕೊಂಡು ತೇರ್ಸ್ ಎಂಬ ಜಪಸರದ ಪ್ರಾರ್ಥನೆ ಹೇಳುತ್ತಿದ್ದರು ಎಂದು ಮನೆತನಗಳ ಕತೆಗಳು ಹೇಳುತ್ತವೆ. ಜಪಸರ ಇಲ್ಲದಿದ್ದರೆ ಬೆರಳಿದೆ, ಹತ್ತರ ಎಣಿಕೆಗೆ ಅದು ಸಾಕು. ಇದಕ್ಕೆಲ್ಲ ದಾಖಲೆ ಎಲ್ಲಿಂದ ಬರಬೇಕು? ಗುಟ್ಟಾಗಿ ನಡೆದದ್ದು ಗುಟ್ಟಾಗಿಯೇ ಇದ್ದದ್ದರಿಂದ ಉಳಿದುಕೊಂಡಿತು. ಅದು ನಡೆದಿರಲೇಬೇಕು ಎಂಬುದಕ್ಕೆ ಸಾಕ್ಷಿ ಆಮೇಲೆ ಬಂತು.

1791ರಲ್ಲಿ ಯುದ್ಧ ಮತ್ತೆ ಮೈಸೂರಿನ ಒಳನಾಡಿಗೆ ನುಗ್ಗಿತು. ಮಾರ್ಚ್ 21ರ ರಾತ್ರಿ ಇಂಗ್ಲಿಷರ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಮರುವರ್ಷ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೇ ಮುತ್ತಿಗೆ. ಈ ಗದ್ದಲದಲ್ಲಿ ಅಹ್ಮದಿ ಪಡೆಗಳ ಸಾಲು ಸಡಿಲವಾಯಿತು. ಸೆರೆಯವರು ಗುಂಪುಗುಂಪಾಗಿ ಜಾರಿಕೊಂಡರು. ಕೆಲವರು ಮಲಬಾರಿನತ್ತ ಇಳಿದರು, ಕೆಲವರು ಕೊಡಗು ಸೇರಿದರು. ಕೊಡಗಿನ ದೊಡ್ಡ ವೀರರಾಜೇಂದ್ರ ಸ್ವತಃ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದವನು. ಓಡಿಬಂದವರ ಸಂಕಟವನ್ನು ಅವನಿಗೆ ವಿವರಿಸಿ ಹೇಳಬೇಕಿರಲಿಲ್ಲ. 1792ರಲ್ಲಿ ಅವನು ಕಟ್ಟಿಸಿದ ವಿರಾಜಪೇಟೆಯಲ್ಲಿ ಈ ಕ್ರೈಸ್ತರಿಗೆ ನೆಲೆ ಸಿಕ್ಕಿತು. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಮೂಲ ಆ ವರ್ಷದ್ದೇ. ಸೆರೆಯಿಂದ ಬಂದವರಿಗೆ ಮೊದಲ ಆಶ್ರಯ ಕೊಟ್ಟದ್ದು ಕ್ರೈಸ್ತ ಪ್ರಭುತ್ವವೊಂದಲ್ಲ, ಲಿಂಗಾಯತ ಅರಸು ಮನೆತನ. ಇಂಗ್ಲಿಷರು ಬಂದು ಉದ್ಧರಿಸಿದರು ಎಂದು ಮುಂದೆ ಬರೆದ ಕಥನಗಳಲ್ಲಿ ಈ ಸಂಗತಿ ಯಾಕೋ ಅಂಚಿಗೆ ಸರಿದಿದೆ.

1792ರಲ್ಲಿ ಓಡಿದವರಿಗೆ ಸಿಕ್ಕಿಬಿದ್ದರೆ ಸಾವಿತ್ತು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1784ರಲ್ಲಿ ಅವರ ಮುಂದೆ ಇದ್ದದ್ದನ್ನು ಆಯ್ಕೆ ಎನ್ನಲು ನನಗೆ ನಾಲಿಗೆ ಬಾರದು. ಹೆಂಡತಿ ಮಕ್ಕಳ ಸಮೇತ ಸುತ್ತುವರಿದ ಕತ್ತಿಗಳ ನಡುವೆ ಮೈಮೇಲೆ ಬಿದ್ದದ್ದನ್ನು ತಾಳಿಕೊಂಡರು, ಅಷ್ಟೆ. ಎಂಟು ವರ್ಷ ಕಳೆದಿತ್ತು. ಹೊಸ ಹೆಸರು ರೂಢಿಯಾಗಿತ್ತು, ಸಂಬಳವಿತ್ತು, ಸಿಪಾಯಿಯ ಪದವಿಯಿತ್ತು. ಸುಮ್ಮನಿದ್ದರೆ ಬದುಕು ಸಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಪ್ರಾಣ ಒತ್ತೆಯಿಟ್ಟು ಓಡಿದ್ದು ಆಯ್ಕೆ. ದುಬ್ವಾ ಹುಡುಕಿದ ಧೈರ್ಯ ಇದ್ದದ್ದು ಇಲ್ಲಿ, ಅದು ಪ್ರಾಣ ಕೊಡುವ ರೂಪದಲ್ಲಿರಲಿಲ್ಲ, ಹಿಂತಿರುಗುವ ರೂಪದಲ್ಲಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಕೋಟೆಯ ಬಾಗಿಲಲ್ಲೇ ಹೋರಾಡುತ್ತ ಸತ್ತಾಗ ಬೆದರಿಕೆ ಪೂರ್ತಿ ಇಲ್ಲವಾಯಿತು. ಪರೀಕ್ಷೆ ಮಾತ್ರ ಇನ್ನಷ್ಟು ಕಠಿಣವಾಯಿತು ಎಂದೇ ನಾನು ಭಾವಿಸುತ್ತೇನೆ. ಹಿಂತಿರುಗುವುದೆಂದರೆ ಎಲ್ಲಿಗೆ? ಕರಾವಳಿಯ ಗದ್ದೆಗಳು ಬೇರೆಯವರ ಉಳುಮೆಯಲ್ಲಿದ್ದವು, ಹದಿನೈದು ವರ್ಷದ ಕಂದಾಯ ಅವರ ಹೆಸರಿನಲ್ಲಿ ಕಟ್ಟಿತ್ತು. ಮನೆ ಇದ್ದಲ್ಲಿ ಕಾಡು ಬೆಳೆದಿತ್ತು. ಸೆರೆಯಲ್ಲಿ ಹುಟ್ಟಿದ ಮಗು ಆಗಲೇ ಹದಿನಾಲ್ಕರ ಹರೆಯಕ್ಕೆ ಬಂದಿತ್ತು, ಅದಕ್ಕೆ ಇಗರ್ಜಿ ಎಂದರೇನೆಂದೇ ತಿಳಿಯದು. ಗಂಡಸಿನ ಮೈಮೇಲೆ ಅಳಿಸಲಾಗದ ಗುರುತಿತ್ತು. ಅಹ್ಮದಿಯ ಮನೆಗೆ ಹೋದ ಹೆಣ್ಣಿಗೆ ಅಲ್ಲಿ ಮಕ್ಕಳಿದ್ದರು, ಘಟ್ಟದ ಕೆಳಗೆ ಹಿಂದಿನ ಗಂಡ ಬದುಕಿರಬಹುದಿತ್ತು. ಇಷ್ಟಾದರೂ ಸಾವಿರಾರು ಜನ ಹೊರಟರು. ಬದುಕುಳಿದವರು 15ರಿಂದ 20 ಸಾವಿರ ಎಂಬ ಅಂದಾಜು ಸಾಮಾನ್ಯವಾಗಿ ಉಲ್ಲೇಖವಾಗುತ್ತದೆ. 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಕೆನರಾಕ್ಕೆ ಬಂದಾಗ ಮರಳಿದವರು ಆಗಲೇ ಊರು ಹಿಡಿದಿದ್ದರು.

ಮೈಸೂರಿನ ಒಳನಾಡಿನಲ್ಲೂ ಕ್ರೈಸ್ತರಿದ್ದರು, ಕನ್ನಡ ಮಾತಾಡುವವರು. 1649ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ವ್ಯಾಕರಣ ಬರೆದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿಯ ಕಾಲದಿಂದಲೂ ಅವರ ಊರುಗಳಿದ್ದವು. ಯೇಸುಸಭೆಯನ್ನು ಪೋಪರು 1773ರಲ್ಲಿ ರದ್ದು ಮಾಡಿದ್ದರಿಂದ ಅವರು ಆಗಲೇ ಅರೆಬರೆ ಅನಾಥರು. ಮೇಲೆ ಟಿಪ್ಪುವಿನ ಕಾಲದ ಏಟು. ಈ ಚದುರಿದ ಜನರನ್ನು ಒಟ್ಟುಗೂಡಿಸಲು ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂದವರು ಬೇರೆ ಯಾರೂ ಅಲ್ಲ, ಅಬ್ಬೆ ದುಬ್ವಾ.

ಊರಿನವರು ಅವರನ್ನು ದೊಡ್ಡಸ್ವಾಮಿಯೋರು ಎಂದು ಕರೆಯುತ್ತಿದ್ದರಂತೆ. ಗಂಜಾಂ, ಪಾಲಹಳ್ಳಿ, ಹಾಸನದ ಕಡೆಯ ಶೆಟ್ಟಿಹಳ್ಳಿ ಹೀಗೆ ಅವರ ಓಡಾಟ. ಬೆಂಗಳೂರಿನಲ್ಲಿ ಇಂದು ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ಎದ್ದು ನಿಂತಿರುವ ಕಡೆ ಕಾಣಿಕೆ ಮಾತೆಯ ಹೆಸರಿನಲ್ಲಿ ಹುಲ್ಲು ಹೊದಿಸಿದ ಪುಟ್ಟ ಪ್ರಾರ್ಥನಾಲಯವಿತ್ತು, ಅದಕ್ಕೂ ದುಬ್ವಾರ ಹೆಸರು ಅಂಟಿಕೊಂಡಿದೆ. ಸಿಡುಬು ಸೀಮೆಯನ್ನು ಬಾಚುತ್ತಿದ್ದ ಕಾಲದಲ್ಲಿ ಅವರೇ ನಿಂತು ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಹ ಕೊಟ್ಟು ಕೊಂಡಿತು, 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು.

ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಧರ್ಮ ಬಿಟ್ಟವರಲ್ಲಿ 1,800 ಜನರನ್ನು ಈ ದುಬ್ವಾ ಮತ್ತೆ ಸಭೆಯ ಒಳಕ್ಕೆ ಸೇರಿಸಿಕೊಂಡರು. ನಾನು ಮತ್ತೆ ಮತ್ತೆ ಹಿಂದಿರುಗುವುದು ಈ ಅಂಕಿಗೆ. ಅವರೇನು ಸೈನ್ಯ ತಂದಿರಲಿಲ್ಲ, ಕೊಡಲು ಜಮೀನಿರಲಿಲ್ಲ, ಹೊಸ ಸರ್ಕಾರಕ್ಕೆ ಮತಪ್ರಚಾರವೆಂದರೆ ಅನುಮಾನ. ಮುಸಲ್ಮಾನರಾಗಿಯೇ ಉಳಿದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ಜನ ನಡೆದು ಬಂದು ಅವರ ಮುಂದೆ ಮಂಡಿಯೂರಿದರು. ಅವರಲ್ಲಿ ಎಷ್ಟೋ ಜನರ ಪಾಪನಿವೇದನೆಯನ್ನು ದುಬ್ವಾ ತಮ್ಮ ಕಿವಿಯಿಂದಲೇ ಕೇಳಿರಬೇಕು. ಹದಿನೈದು ವರ್ಷ ಏನು ಮಾಡಿದಿರಿ, ಏನು ಹೇಳಿಕೊಂಡಿರಿ, ಮಕ್ಕಳಿಗೆ ಏನು ಕಲಿಸಿದಿರಿ ಎಂದು ಕೇಳುವ ಅಧಿಕಾರ ಅವರೊಬ್ಬರಿಗೇ ಇತ್ತು. ಪಾಪನಿವೇದನೆಯ ಗುಟ್ಟು ಬಿಚ್ಚುವಂತಿಲ್ಲವಾದ್ದರಿಂದ ಅವರು ಅದನ್ನು ಬರೆಯಲಿಲ್ಲ, ಸರಿ. ಆದರೆ ಇಷ್ಟು ಕೇಳಿದ ಮನುಷ್ಯ, ಆ ಜನರನ್ನು ಎರಡೂ ಕೈಯಿಂದ ಬರಮಾಡಿಕೊಂಡ ಮನುಷ್ಯ, ಇಳಿವಯಸ್ಸಿನತ್ತ ಸಾಗುತ್ತ ಅವರನ್ನು ಹೇಡಿಗಳೆಂದು ಬರೆದದ್ದೇಕೆ?

ಅದಕ್ಕೆ ಅವರ ಪುಸ್ತಕದ ಉದ್ದೇಶವೇ ಕಾರಣ. ಹಿಂದೂಗಳನ್ನು ಮತಾಂತರಿಸುವ ಕೆಲಸ ಇನ್ನು ಆಗದು ಎಂದು ಅವರು ವಾದಿಸುತ್ತಿದ್ದರು. ಬೈಬಲ್ ತರ್ಜುಮೆ ಮಾಡಿ ಹಂಚಿದರೆ ಸಾಕು ಎಂದು ನಂಬಿದ್ದ ಪ್ರೊಟೆಸ್ಟೆಂಟ್ ಮಿಷನರಿಗಳ ಉತ್ಸಾಹಕ್ಕೆ ತಣ್ಣೀರೆರಚುವುದು ಅವರಿಗೆ ಬೇಕಿತ್ತು. ಇಲ್ಲಿನ ಕ್ರೈಸ್ತರು ಹೆಸರಿಗಷ್ಟೇ ಕ್ರೈಸ್ತರು ಎಂದು ತೋರಿಸಲು 1784 ಒಳ್ಳೆಯ ಉದಾಹರಣೆಯಾಯಿತು. ಪ್ರೊಟೆಸ್ಟೆಂಟರು ಸುಮ್ಮನಿರಲಿಲ್ಲ, ಮರುವರ್ಷವೇ ಜೇಮ್ಸ್ ಹಫ್ ಮೊದಲಾದವರು ಉತ್ತರ ಬರೆದರು. ಜಗಳ ನಡೆದದ್ದು ಲಂಡನ್ನಿನಲ್ಲಿ, ಇಂಗ್ಲಿಷಿನಲ್ಲಿ. ಪಾಲಹಳ್ಳಿಯವರಿಗೆ ಅದರ ಸುಳಿವು ಸಿಕ್ಕಿರಲಿಕ್ಕಿಲ್ಲ. ದುಬ್ವಾ 1823ರಲ್ಲಿ ಫ್ರಾನ್ಸಿಗೆ ಮರಳಿದರು, 1848ರಲ್ಲಿ ತೀರಿಕೊಂಡರು.

ಕರಾವಳಿಯಲ್ಲಿ ಕಟ್ಟುವ ಕೆಲಸ ನಿಧಾನವಾಗಿ ನಡೆಯಿತು. ಮಿಲಾಗ್ರಿಸ್ 1811ರಲ್ಲಿ, ರೊಸಾರಿಯೊ 1813ರಲ್ಲಿ ಮತ್ತೆ ಎದ್ದವು. ಜಮೀನಿನ ತಂಟೆಗಳು ಕಲೆಕ್ಟರರ ಕಚೇರಿಗೆ ಹತ್ತಿದವು. ಎಲ್ಲರಿಗೂ ಎಲ್ಲವೂ ಸಿಗಲಿಲ್ಲ, ಸಿಕ್ಕಷ್ಟರಲ್ಲಿ ಬದುಕು ಶುರುವಾಯಿತು. 1878ರ ಕೊನೆಗೆ ಯೇಸುಸಭೆಯವರು ಮಂಗಳೂರಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. ಓದು ಬಂದ ಮೇಲೆ ನೌಕರಿ, ನೌಕರಿ ಹಿಂದೆ ಮುಂಬಯಿ, ಬೆಂಗಳೂರು. ವೈಟ್‌ಫೀಲ್ಡಿನಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಇಂದು ಪಿಂಟೊ, ಲೋಬೊ, ಡಿಸೋಜ ಎಂಬ ಹೆಸರು ಕಂಡರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕರಾವಳಿಯ ಹಳೆಯ ಮನೆತನಗಳವರಾದರೆ ಆ ಹೆಸರು ಒಮ್ಮೆ ಅಳಿಸಿಹೋಗಿ ಮತ್ತೆ ಇಟ್ಟುಕೊಂಡದ್ದು.

ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಕರಾವಳಿಯವರಿಗೆ ಅದು ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಫರಂಗಿಪೇಟೆಯಲ್ಲಿ ಅದನ್ನು ಶುರು ಮಾಡಿದವರು ಹೈದರನ ಸ್ನೇಹಿತರೆನಿಸಿದ್ದ ಅದೇ ಫಾದರ್ ಮಿರಾಂದ ಎಂಬುದು ಪ್ರಚಲಿತ ಕತೆ. ಸೆರೆಯ ಹದಿನೈದು ವರ್ಷ ತೆನೆ ತರಲು ಊರಿನಲ್ಲಿ ಜನರೇ ಇರಲಿಲ್ಲ. ಬೆಂಗಳೂರಿಗೆ ಅದೇ ದಿನ ಶಿವಾಜಿನಗರದ ತೇರು, ಕಾವಿ ಉಟ್ಟ ಹರಕೆಯವರಿಂದ ರಸ್ತೆ ತುಂಬಿಹೋಗುತ್ತದೆ, ಪೊಲೀಸರು ವಾಹನಗಳಿಗೆ ಬೇರೆ ದಾರಿ ತೋರಿಸುತ್ತಾರೆ. ನಗರದಂಚಿನ ಬಡಾವಣೆಗಳ ಮಂಗಳೂರಿನ ಸಂಸಾರಗಳು ಅಂದು ಸಸ್ಯಾಹಾರ ಉಂಡು, ಆಶೀರ್ವದಿಸಿದ ಭತ್ತವನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಹಿರಿಯರ ಕೈಯಿಂದ ಹಂಚಿಸುತ್ತವೆ. ಈ ನಗರದಲ್ಲಿ ಗದ್ದೆ ಹುಡುಕುವುದು ಕಷ್ಟವಾದ್ದರಿಂದ ತೆನೆಗೆ ಹೊರಗೆ ಹೇಳಿ ತರಿಸಬೇಕು.

ಸೆರೆವಾಸದ ಕತೆಯನ್ನು ಕೊಂಕಣಿಯಲ್ಲಿ ವಿ.ಜೆ.ಪಿ. ಸಲ್ಡಾನ್ಹಾ ಕಾದಂಬರಿಗಳಾಗಿ ಬರೆದರು, ‘ಬೆಳ್ತಂಗಡಿಚೊ ಬಾಲ್ತಜಾರ್’ ಅವುಗಳಲ್ಲಿ ಹೆಸರಾದದ್ದು. ಇತಿಹಾಸವಾಗಿ ಸೆವರಿನ್ ಸಿಲ್ವ, ನಮ್ಮ ಕಾಲದಲ್ಲಿ ಅಲನ್ ಮಚಾದೊ ಪ್ರಭು ಕೂಲಂಕಷವಾಗಿ ಬರೆದಿದ್ದಾರೆ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆಚರಿಸಲು ಹೊರಟಾಗ, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿದಾಗ, ಈ ಸೆರೆಯವರ ಸಂಖ್ಯೆ ಟಿವಿ ಚರ್ಚೆಗಳಲ್ಲಿ ಅತ್ತಿಂದಿತ್ತ ಹಾರಾಡಿತು. ಒಬ್ಬರಿಗೆ 80 ಸಾವಿರ ಬೇಕಿತ್ತು, ಇನ್ನೊಬ್ಬರಿಗೆ ಸೊನ್ನೆ. ಹಿಂತಿರುಗಿ ಬಂದವರು ಬಂದು ಏನು ಮಾಡಿದರು ಎಂದು ಎರಡೂ ಕಡೆಯವರು ಕೇಳಿದ್ದನ್ನು ನಾನು ಕಾಣಲಿಲ್ಲ.

ಹಿಂತಿರುಗದವರೂ ಇದ್ದರು. ಸಂಖ್ಯೆಗಳನ್ನು ಕಳೆದು ನೋಡಿದರೆ, ಸತ್ತವರನ್ನು ಬಿಟ್ಟೂ, ಉಳಿದುಬಿಟ್ಟವರು ಸಾವಿರಗಟ್ಟಲೆ ಇರಬೇಕು. ಮಕ್ಕಳನ್ನು ಬಿಟ್ಟು ಬರಲಾಗದ ತಾಯಂದಿರು, ಬೇರೆ ಊರೇ ಕಾಣದ ಹುಡುಗರು, ಹೊಸ ಧರ್ಮದಲ್ಲಿ ನಿಜವಾಗಿ ನೆಮ್ಮದಿ ಕಂಡವರು. ಅವರು ಹೆದರಿ ಉಳಿದರೆಂದು ಹೇಳಲು ನಮಗೆ ಆಧಾರವಿಲ್ಲ. 1799ರ ಮೇಲೆ ಅವರನ್ನು ಹೆದರಿಸುವವರು ಉಳಿದಿರಲಿಲ್ಲ. ದುಬ್ವಾರ 1,800ರಲ್ಲಿ ಅವರಿಲ್ಲ, ಕರಾವಳಿಯ ಮನೆತನಗಳ ವಂಶಾವಳಿಯಲ್ಲಿ ಅವರ ಹೆಸರಿನ ಕೊಂಬೆ ಅಲ್ಲಿಗೇ ನಿಂತಿದೆ. ಅವರ ಮೊಮ್ಮಕ್ಕಳು ಮೈಸೂರು ಸೀಮೆಯ ಮಸೀದಿಗಳಲ್ಲಿ ನಮಾಜು ಮಾಡುತ್ತ ಬೆಳೆದರು. ಅವರ ಬಗ್ಗೆ ಯಾರೂ ಪುಸ್ತಕ ಬರೆಯಲಿಲ್ಲ, ಅವರನ್ನು ದೂರಲೂ ಯಾರಿಗೂ ನೆನಪಾಗಲಿಲ್ಲ.